ಮೆಣಸಿನಕಾಯಿ ಸೇಠಜಿಯ ರಾಜಕಾರಣ

ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ ಗುಮಾಸ್ತ ನಾನು. ನಮ್ಮ ಸೇಠಜಿ ರಾಜಸ್ಥಾನದಿಂದ ಬಂದು ಮೂವತ್ತು ವರ್ಷಾತು. ಊರವರು ಇನ್ನೂ ‘ಹೊರಗಿನವರು’ ಅಂತಾರಲ್ಲಾ ಅಂತ ಅವರಿಗೆ ಒಳಗೊಳಗ ಕೊರಗು. ಅದಕ್ಕ ಪುರಸಭೆ ಎಲೆಕ್ಷನ್‌ಗೆ ನಿಂತ್ರು. ಅವರು ನಿಂತ ಮ್ಯಾಲೆ ನನಗ ದಿನಾ ಒಂದು ಫಜೀತಿ ತಪ್ಪಲಿಲ್ಲ.

೧. ಓಟು ಕೇಳಾಕ ಹೋದದ್ದು

ಮಾಲು ಕೊಳ್ಳಾವ ಮಾಲು ಹೊಗಳಂಗಿಲ್ಲ, ಹೊಗಳಿದರ ರೇಟು ಏರತೈತಿ. ಸೇಠಜಿಗೆ ಈ ಚಾಳಿ ರಕ್ತದಾಗ ಇಳದೈತಿ. ಮೊದಲನೇ ಮನ್ಯಾಗ ಯಜಮಾನ್ರು ಹೊಸಾ ಮನಿ ತೋರಿಸಿದ್ರು. ಇವರು ಗ್ವಾಡಿ ಮುಟ್ಟಿ, ಹಸಿ ಐತಿ ಅಂದ್ರು. ಅಜ್ಜಿ ತಿಂಗಳ ಮೊಮ್ಮಗನ್ನ ತಂದು ಮುಂದ ಹಿಡದ್ಲು. ಕಣ್ಣು ಸಣ್ಣ ಮಾಡಿ ನೋಡಿ, ಬಣ್ಣ ಸ್ವಲ್ಪ ಕಡಿಮಿ ಅಂದ್ರು. ಆ ಮನ್ಯಾಗ ಏಳು ಓಟಿದ್ವು. ನಾನು ಹಣಿ ಹಣಿ ಬಡಕೊಂಡೆ.

“ಬಿಡ್ರಿ, ನಾವೇನು ಮಾರಾಕ ಇಟ್ಟಿಲ್ಲ,” ಅಂದ್ಲು ಅಜ್ಜಿ.

೨. ಸೀನು

ಎದುರಾಳಿ ರಾಣೆಬೆನ್ನೂರಿಂದ ಒಬ್ಬ ಭಾರೀ ಭಾಷಣಕಾರನ್ನ ಕರಿಸಿ, ಮಾರ್ಕೆಟ್‌ನ್ಯಾಗ ಹಮಾಲರ ಮುಂದ ಮೈಕ್ ಕೊಟ್ಟ. ಸುಗ್ಗಿ ದಿನ, ಸುತ್ತಲೂ ಮೆಣಸಿನಕಾಯಿ ಚೀಲ. ಹೊರಗಿನವರನ್ನ ಓಡಸ್ರಿ ಅಂತ ಸುರು ಮಾಡಿದ ಪುಣ್ಯಾತ್ಮ ಅರ್ಧಕ್ಕ ಸೀನಿದ. ಮತ್ತ ಸೀನಿದ. ಕಣ್ಣಾಗ ಮೂಗಿನ್ಯಾಗ ನೀರು ಸುರಿಯಾಕ ಹತ್ತಿತು. ಸೇಠಜಿ ಅಲ್ಲೇ ಚೀಲದ ಮ್ಯಾಲೆ ಕುಂತು ಆರಾಮ ಚಾ ಕುಡಿಯಾಕತ್ತಿದ್ರು.

ಹಿರೇ ಹಮಾಲ ಎದ್ದು ಕೇಳಿದ: “ಹೊರಗಿನವರು ಯಾರಂದ್ರಿ ಸಾಹೇಬ್ರ?”

ಹಮಾಲರ ಓಟೆಲ್ಲಾ ನಮಗ ಬಿದ್ವು.

೩. ಎತ್ತದ ಕೈ

ಮೆಂಬರ್ ಆಗಿ ಗೆದ್ದರೂ ಊರ ಹಿರಿಯರ ಬಾಯಾಗ ಸೇಠಜಿ ಹೊರಗಿನವರಾಗೇ ಉಳದ್ರು. ಪುರಸಭೆ ಅಧ್ಯಕ್ಷ ಆದರ ಎಲ್ಲಾರೂ ಬಾಯಿ ಮುಚ್ಚತಾರ ಅಂತ ಅದಕ್ಕೂ ನಿಂತ್ರು. ಒಂದು ಓಟಿನ್ಯಾಗ ಗೆಲುವು ನಮ್ಮದು ಅನ್ನೂದು ಪಕ್ಕಾ ಇತ್ತು. ನಾನು ಹಾರ ಹಿಡಕೊಂಡು ಬಾಗಿಲದಾಗ ನಿಂತಿದ್ದೆ. ಸೇಠಜಿ ಕಡೆಯವರು ಕೈ ಎತ್ರಿ ಅಂದ್ರು ಅಧಿಕಾರಿ. ನಮ್ಮ ಕಡೆಯವರು ಅಷ್ಟೂ ಮಂದಿ ಎತ್ತಿದ್ರು, ಸೇಠಜಿ ಮಾತ್ರ ಕೈ ಕಟಗೊಂಡು ಕುಂತ್ರು. ಎರಡೂ ಕಡೆ ಸರಿಸಮ ಆತು. ಚೀಟಿ ಎತ್ತಿದ್ರು. ಅಧ್ಯಕ್ಷಗಿರಿಗೆ ಎದುರು ನಿಂತಾವನ ಹೆಸರು ಬಂತು.

ಯಾಕ ಹಿಂಗ ಮಾಡಿದ್ರಿ ಅಂತ ಕೇಳಿದೆ. ನನಗ ಅಳೂದೊಂದು ಬಾಕಿ.

“ರೈತರು ಮಾರಾಕ ನಮ್ಮ ಅಂಗಡಿಗೆ ತಂದ ಮಾಲಿಗೆ ನಾವ ರೇಟು ಬರದು ಟೆಂಡರ್ ಹಾಕೂದು ಮರ್ಯಾದಿ ಅಲ್ಲಪಾ,” ಅಂದ್ರು.

ಇದನ್ನ ಊರಾಗ ಒಬ್ಬರೂ ನಂಬಲಿಲ್ಲ. ಕೈ ಎತ್ತದಂಗ ಇರಾಕ ಸೇಠಜಿ ಎದುರಿನವನ ಕಡಿಂದ ಚಲೋತ್ನಂಗ ರೊಕ್ಕ ತಿಂದಾರ ಅಂತ ಸಂಜೀಕ ಸುದ್ದಿ ಹಬ್ಬಿತು. ಮರುದಿನ ಆ ಹಿರಿಯರೆಲ್ಲಾ ಕೂಡಿ ಅಂಗಡಿಗೆ ಬಂದು, ಸೇಠಜಿ ಬೆನ್ನು ಚಪ್ಪರಿಸಿದ್ರು.

“ಈಗ ನೋಡ್ರಿ, ನೀವು ಖರೇನ ನಮ್ಮೂರಾವರಾದ್ರಿ.”