ಬಾವನ ಬಿಳಿಕಣಗಳು

ನಮ್ಮ ಮನೆತನದಲ್ಲಿ ಕೆಟ್ಟುಹೋದ ಪದಾರ್ಥ ಕಂಡರೆ ಕಣ್ಣರಳಿಸುವ ಪುಣ್ಯಪುರುಷ ಒಬ್ಬನೇ: ನನ್ನ ಚಿಕ್ಕಪ್ಪನ ಮಗ. ದುಃಖದ ಸಂಗತಿಯೆಂದರೆ, ಮನೆಯವರೆಲ್ಲ ಅವನನ್ನು ಕಂಡು ಕಣ್ಣರಳಿಸುತ್ತಾರೆ. ನಾನು ಅವನಿಗಿಂತ ಹಿರಿಯ, ಹೈಸ್ಕೂಲಿನ ಕನ್ನಡ ಮಾಸ್ತರ, ತಲೆಮಾರುಗಳಿಗೆ ಸಂಧಿ ಬಿಡಿಸಿಕೊಟ್ಟವ. ನನ್ನನ್ನು ಕಂಡು ಇದುವರೆಗೆ ಯಾರ ಕಣ್ಣೂ ಅರಳಿಲ್ಲ!

ಅವನದು ಕಲಬುರಗಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆ. ರೊಟ್ಟಿಯ ಮೇಲೆ ಕೂರುವ ಬೂಸ್ಟಿನ ದಾಯಾದಿಗಳು ಕೆಲವರ ಶ್ವಾಸಕೋಶಕ್ಕೂ ರಕ್ತಕ್ಕೂ ನುಗ್ಗುತ್ತವಂತೆ. ಆಗ ನಮ್ಮ ರಕ್ತದ ಬಿಳಿಕಣಗಳು ಓಡಿಬಂದು ಅವನ್ನು ನುಂಗಬೇಕಂತೆ. ಯಾರ ಕಣ ಓಡುತ್ತವೆ, ಯಾರವು ಕೂತೇ ಇರುತ್ತವೆ, ಯಾಕೆ? ಇದು ಅವನ ತಪಸ್ಸು.

ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾನೆ: "ವೈನಿ, ಕೆಟ್ಟದ್ದು ಏನರ ಅದ ಏನ್ರೀ?"

"ನಿಮ್ಮ ಸಲುವಾಗೇ ಇಟ್ಟೀನ್ರೀ," ಎಂದು ನನ್ನ ಹೆಂಡತಿ ಬೂಸ್ಟು ಹಿಡಿದ ಉಪ್ಪಿನಕಾಯಿ ಭರಣಿಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತರುತ್ತಾಳೆ. ಅದೇ ಭರಣಿಯ ಮುಚ್ಚಳ ಸಡಿಲ ಬಿಟ್ಟಿದ್ದಕ್ಕೆ ನಾನು ಬೆಳಿಗ್ಗೆಯಷ್ಟೇ ಬೈಸಿಕೊಂಡಿರುತ್ತೇನೆ. ಬೂಸ್ಟು ಬೆಳೆಸಿದವ ನಾನು, ಕೀರ್ತಿ ಅವನಿಗೆ!

ಕಮಲಾಪುರದಲ್ಲಿರುವ ಚಿಕ್ಕಮ್ಮನ ಮನೆಗೆ ಹೋದರೂ ಇದೇ ಗೋಳು. ಆ ಊರಿನ ಕೆಂಪು ಬಾಳೆಹಣ್ಣಿನ ರುಚಿ ಬಲ್ಲವರು ನನ್ನ ಸಂಕಟವನ್ನೂ ಬಲ್ಲರು. ಸಕ್ಕರೆ ಕಾಯಿಲೆ ಬಂದಾಗಿನಿಂದ ಸಪ್ಪೆ ಚಹಾ ಕುಡಿದು ಬದುಕಿರುವ ಜೀವ ನನ್ನದು; ಗೊನೆಯತ್ತ ಕೈ ಚಾಚಿದರೆ ಸಾಕು, ಹಣ್ಣು ಅವನ ಚೀಲ ಸೇರುತ್ತದೆ.

"ತಡಿ ಅಣ್ಣಾ, ಇದಕ್ಕ ಬೂಸ್ಟು ಬಂದದ. ಲ್ಯಾಬಿಗೆ ಬೇಕು."

"ಎಲ್ಲದನೋ ಬೂಸ್ಟು?"

"ಬರಿಗಣ್ಣಿಗೆ ಕಾಣಂಗಿಲ್ಲ."

ವಿಜ್ಞಾನದೊಂದಿಗೆ ವಾದ ಮಾಡಲಾದೀತೆ?

ಒಮ್ಮೆ ಅಲ್ಲಿಯೇ ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ, ಸಂಶೋಧನೆಗೆ ಆರೋಗ್ಯವಂತರ ರಕ್ತ ಬೇಕೆಂದ. ಹೋಳಿಗೆಗೂ ಅಷ್ಟು ನೂಕುನುಗ್ಗಲು ನಾನು ಕಂಡಿರಲಿಲ್ಲ! ಒಂದೇ ಚುಚ್ಚಿಗೆ ಒಬ್ಬೊಬ್ಬರದು ಮುಗಿಸುತ್ತ ಬಂದವ, ನಾನು ಅಂಗಿಯ ತೋಳು ಮಡಚಿ ನಿಂತಿದ್ದೆನಲ್ಲ, ನನ್ನನ್ನು ದಾಟಿ ಬಾವನ ಬಳಿ ಹೋದ. ಬಾವನೆಂದರೆ ನನ್ನ ಅಕ್ಕನ ಗಂಡ, ಕುಡಿಯುವ ನೀರಿಗೂ ಎದ್ದು ಹೋಗದ ಮಹಾನುಭಾವ.

ರಕ್ತದ ನಳಿಗೆಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಅಂದೇ ಬಸ್ಸು ಹತ್ತಿದ. ಜೊತೆಗೆ ನಾನೂ ಇದ್ದೆ. ಅಲುಗಾಡಿದರೆ ಬಿಳಿಕಣಗಳು ವೃಥಾ ಕೆರಳುತ್ತವಂತೆ.

"ಬ್ರೇಕ್ ಮೆತ್ತಗ ಹಾಕ್ಲಿಕ್ಕೆ ಹೇಳ್ರೀ," ಎಂದ ಕಂಡಕ್ಟರಿಗೆ.

"ಡಬ್ಬ್ಯಾಗ ಏನದರೀ?"

"ಮನಿ ಮಂದಿ ರಕ್ತರೀ."

ಇಡೀ ಸೀಟು ಖಾಲಿಯಾಯಿತು! ಆ ದಾರಿಯಲ್ಲಿ ಎಷ್ಟೋ ವರ್ಷಗಳಿಂದ ಓಡಾಡಿದ ನನಗೆ ಅಂಥ ಮರ್ಯಾದೆ ಒಂದು ದಿನವೂ ಸಿಕ್ಕಿರಲಿಲ್ಲ.

ಮುಂದಿನ ವಾರ ಅವನು ಅಕ್ಕನ ಮನೆಗೇ ಬಂದು ನಮ್ಮೆಲ್ಲರೆದುರು ಫಲಿತಾಂಶ ಸಾರಿದ. "ಬಾವಾರ ಬಿಳಿಕಣ ಭಾರಿ ಚುರುಕ್ ಅವರೀ! ಬೂಸ್ಟು ಕಂಡ ಕೂಡ್ಲೇ ಓಡಿ ಹೋಗಿ ಮೈಮ್ಯಾಲೆ ಬೀಳ್ತಾವ!"

ಬಾವ ಕೂತಲ್ಲಿಂದಲೇ ಮೀಸೆ ತಿರುವಿದ. ನನಗೆ ತಡೆಯಲಾಗಲಿಲ್ಲ. ಮರುದಿನ ಶಾಲೆ ಬಿಟ್ಟವನೇ ಜಗತ್ ಸರ್ಕಲ್ಲಿನ ಗದ್ದಲದಲ್ಲಿ ಆಟೊ ಹಿಡಿದು ಅವನ ಲ್ಯಾಬಿಗೆ ನುಗ್ಗಿದೆ. ಅಂಗಿಯ ತೋಳು ಮೇಲೇರಿಸಿ ಮೇಜಿನ ಮೇಲೆ ಕೈ ಚಾಚಿದೆ.

"ತಗೋ! ಬಾವಂದು ಬೇಕು, ನಂದು ಬ್ಯಾಡೇನು?"

"ಸಕ್ಕರಿ ಇದ್ದವ್ರನ್ನ ಆರೋಗ್ಯವಂತರಾಗ ಹಿಡಿಯಂಗಿಲ್ಲಣ್ಣ."

"ಸಕ್ಕರಿ ಇದ್ದವ್ರದ್ದೂ ಬ್ಯಾರೆ ನೋಡ್ತೀಯಲ್ಲ? ಅದರಾಗ ಹಾಕು!"

ಅವನು ನನ್ನ ತೋಳಿಗೆ ರಬ್ಬರು ಪಟ್ಟಿ ಕಟ್ಟಿದ, ಹತ್ತಿಯಿಂದ ಒರೆಸಿದ, ಸೂಜಿ ಎತ್ತಿದ. ಇಡೀ ಮನೆತನವನ್ನು ಚುಚ್ಚಿದವ ನನ್ನನ್ನು ಮಾತ್ರ ಚುಚ್ಚಲಿಲ್ಲ! ಸೂಜಿ ಕೆಳಗಿಟ್ಟ.

"ಸಕ್ಕರಿ ಇದ್ದವ್ರ ಕಣ ಭಾಳ ಸಲ ಜಡ ಆಗಿರ್ತಾವಣ್ಣ. ಬೂಸ್ಟು ಮುಂದ ಬಂದ್ರೂ ಸುಮ್ಮ ಕುಂತಿರ್ತಾವ. ಮಂದೀದು ದಿನಾ ನೋಡ್ತೀನಿ. ನಿಂದೂ ಹಂಗ ಕುಂತಿದ್ರ, ನೋಡಿ ನಾ ಮನಿಗೆ ಹ್ಯಾಂಗ ಹೋಗ್ಲಿ?"

ಸುತ್ತ ನೋಡಿದೆ. ಗಾಜಿನ ತಟ್ಟೆಗಳಲ್ಲಿ ನಮ್ಮ ಮನೆಯ ಉಪ್ಪಿನಕಾಯಿಯ ಬೂಸ್ಟು ಸುಖವಾಗಿ ಬೆಳೆದಿತ್ತು. ಕಮಲಾಪುರದ ಹಣ್ಣಿನ ಸುಳಿವೇ ಇರಲಿಲ್ಲ.

"ಬಾಳೆಹಣ್ಣು ಎಲ್ಲವನೋ?"

"ಅವಕ್ಕ ಬೂಸ್ಟು ಬಂದಿದ್ದಿಲ್ಲಣ್ಣ."

"ಮತ್ತ ಅಷ್ಟೂ ಏನು ಮಾಡ್ದಿ?"

"ತಿಂದೆ," ಎಂದ ತಲೆ ತಗ್ಗಿಸಿ. "ನೀ ತಿನಬಾರ್ದಲ್ಲ."

ಬಾವನ ಬಿಳಿಕಣಗಳ ಮೇಲೆ ನನಗೀಗ ಮತ್ಸರವಿಲ್ಲ. ಆ ಹಣ್ಣುಗಳ ವಿಷಯದಲ್ಲಿ ಇನ್ನೂ ಇದೆ. ರಬ್ಬರು ಪಟ್ಟಿ ಬಿಚ್ಚಿ ಅಂಗಿಯ ತೋಳನ್ನು ನಾನೇ ಕೆಳಗಿಳಿಸಿದೆ. ಅದರ ಗುಂಡಿಯನ್ನು ಅವನು ಹಾಕಿದ.