ನಾಲ್ಕು ಗಂಟೆಗೇ ಕತ್ತಲಾದ ಭಾನುವಾರ

ನೀರು ತುಂಬಿಟ್ಟೆ. ಜೋಳದ ಹಿಟ್ಟು ಜರಡಿ ಹಿಡಿದೆ. ಅತ್ತೆಯ ಕಪ್ಪು ಕನ್ನಡಕ ಒರೆಸಿಟ್ಟೆ. ಒಂಬತ್ತನೇ ತರಗತಿಯ ವಿಜ್ಞಾನದ ಉತ್ತರಪತ್ರಿಕೆ ತಿದ್ದಿದೆ. ತೊಗರಿಬೇಳೆ ಬಿಸಿಲಿಗೆ ಹಾಕಿದೆ. ಜೊತೆಗೆ ಜಹೀರಾಬಾದಿನ ನಮ್ಮ ಮನೆಯ ಮಟ್ಟಿಗೆ ಕಾಲವನ್ನೇ ನಿಧಾನಗೊಳಿಸಿದೆ! ಕೊನೆಯದನ್ನು ಮಾತ್ರ ಬೇಕೆಂದು ಮಾಡಿದ್ದಲ್ಲ.

ಅತ್ತೆಗೆ ತಾಂಡೂರಿನಲ್ಲಿ ಬಲಗಣ್ಣಿನ ಪೊರೆ ತೆಗೆದಿದ್ದರು. ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ, ಮತ್ತೆ ಎಂಟಕ್ಕೆ ಕಣ್ಣಿಗೆ ಹನಿ ಬಿಡಬೇಕು. ಗೋಡೆ ಗಡಿಯಾರದ ಮುಳ್ಳು ಅವರಿಗೆ ಕಾಣದು. ಹೀಗಾಗಿ ಗಳಿಗೆಗೊಮ್ಮೆ “ಎಷ್ಟಾತು?” ಎಂದು ಕೇಳುವುದು, ಕೇಳಿ ತಾವೇ ಸಂಕೋಚಪಡುವುದು. ಸೋಮವಾರ ಮತ್ತೆ ತಾಂಡೂರಿಗೆ ಹೋಗಿ ಎಡಗಣ್ಣಿನ ಆಪರೇಷನ್‌ಗೆ ದಿನ ಗೊತ್ತುಮಾಡಬೇಕಿತ್ತು. ಅದಕ್ಕೆ ಅವರನ್ನು ಒಪ್ಪಿಸುವಷ್ಟರಲ್ಲಿ ನಮಗೆ ಸಾಕುಸಾಕಾಗಿತ್ತು.

ಅವರು ಯಾರನ್ನೂ ಕೇಳದೆ ತಾವೇ ಹೊತ್ತು ನೋಡಿಕೊಳ್ಳುವಂಥ ಗಡಿಯಾರ ಕಟ್ಟಿಕೊಡುತ್ತೇನೆಂದು ಘೋಷಿಸಿದೆ. ನಿಕ್ಸಿ ಟ್ಯೂಬಿನದು. ನಿಕ್ಸಿ ಟ್ಯೂಬೆಂದರೆ ಸಣ್ಣ ಗಾಜಿನ ಬುಡ್ಡಿ. ಒಳಗೆ ಸೊನ್ನೆಯಿಂದ ಒಂಬತ್ತರವರೆಗೆ ತಂತಿಯ ಅಂಕಿಗಳು ಒಂದರ ಹಿಂದೊಂದು ನಿಂತಿರುತ್ತವೆ. ಸರದಿ ಬಂದ ಅಂಕಿ ಕೆಂಡದಂತೆ ಬೆಳಗುತ್ತದೆ.

ಬಜಾರದಲ್ಲಿ ಬೇಳೆಕಾಳಿನ ಅಂಗಡಿ ಇಟ್ಟಿರುವ ನಮ್ಮವರು, ದೊಡ್ಡ ಅಂಕಿಯ ಗಡಿಯಾರ ಅಂಗಡಿಯಲ್ಲೇ ಸಿಗುತ್ತದೆಂದು ನೆನಪಿಸಿದರು. ಕೊಂಡದ್ದು ಬೇರೆ, ಕಟ್ಟಿದ್ದು ಬೇರೆ ಎಂದು ನಾನು ಗಂಭೀರವಾಗಿ ತಿಳಿಸಿದೆ. ಅಂತರ್ಜಾಲದಿಂದ ಸರ್ಕಿಟ್ ನಕ್ಷೆ ಇಳಿಸಿಕೊಂಡೆ. ಎರಡು ಸಲ ಕರೆಂಟು ಹೊಡೆಸಿಕೊಂಡೆ. ಕೊನೆಗೆ ನಾಲ್ಕು ಟ್ಯೂಬುಗಳನ್ನು ಹಳೆಯ ಮರದ ಮಸಾಲೆ ಡಬ್ಬಿಯ ನಾಲ್ಕು ಮನೆಗಳಲ್ಲಿ ಕೂರಿಸಿದೆ. ಹತ್ತು ನಿಮಿಷ ಓಡಿಸಿ ನೋಡಿದೆ. ಅಂಕಿಗಳು ಬದಲಾದವು. ಪರೀಕ್ಷೆ ಮುಗಿಯಿತು!

ಭಾನುವಾರ ಬೆಳಗ್ಗೆ ಆರಕ್ಕೆ ಸರಿಯಾಗಿ ಲೋಕಾರ್ಪಣೆ. ಡಬ್ಬಿ ಬಿಸಿಯಾಗಿ ಮನೆತುಂಬ ಜೀರಿಗೆಯ ಘಮ.

“ಗಡಿಯಾರಕ್ಕ ವಗ್ಗರಣಿ ಹಾಕಿದೇನು, ಸುವರ್ಣಾ?” ಎಂದ ಅತ್ತೆ ಮುಂದೆ ಬಾಗಿ, “ಸೊನ್ನಿ, ಆರು, ಸೊನ್ನಿ, ಸೊನ್ನಿ” ಎಂದು ಓದಿ ಮಗುವಿನಂತೆ ನಕ್ಕರು. ನನಗೆ ಇನ್ನೇನು ಬೇಕು? ಗೋಡೆ ಗಡಿಯಾರ ಇಳಿಸಿ, ಸೆಲ್ ತೆಗೆದು ಅಟ್ಟಕ್ಕೆ ಹಾಕಿದೆ. ನಮ್ಮವರ ಫೋನು ರಿಪೇರಿಗೆ ಹೋಗಿದ್ದರಿಂದ ನನ್ನದನ್ನು ಹಿಡಿದುಕೊಂಡು ನಾರಾಯಣಖೇಡಕ್ಕೆ ತೊಟ್ಟಿಲ ಕಾರ್ಯಕ್ಕೆ ಹೋದರು. ಮನೆಯಲ್ಲಿ ಉಳಿದದ್ದು ಅತ್ತೆ, ನಾನು, ನನ್ನ ಗಡಿಯಾರ.

ಅಂದು ಅತ್ತೆ ಒಮ್ಮೆಯೂ “ಎಷ್ಟಾತು?” ಎನ್ನಲಿಲ್ಲ. ನನಗೆ ಮಾತ್ರ ಹತ್ತಕ್ಕೇ ಹಸಿವು. ಹೆಮ್ಮೆಯಿಂದಲೂ ಹಸಿವಾಗುತ್ತದೆಂದು ತಿಳಿದೆ. ಅತ್ತೆ ಹನ್ನೆರಡರ ಹನಿ ಬಿದ್ದ ಮೇಲೆಯೇ ಉಣ್ಣುವವರು. ತಟ್ಟೆಯ ಮುಂದೆ ಕೂತು ಅಂಕಿಗಳನ್ನೇ ನೋಡುತ್ತಿದ್ದರು. ಆಗ ಪಕ್ಕದ ಮನೆಯ ರಹೀಮಾಬಿ ಬಾಗಿಲಲ್ಲಿ ನಿಂತು ಊಟ ಆಯಿತೇ ಎಂದು ಕೇಳಿದರು.

“ಹನ್ನೊಂದೂವರಿಗಿ ಯಾರ್ ಉಣ್ತಾರ್ರೀ?” ಎಂದೆ.

ಆಕೆ ಒಮ್ಮೆ ಸೂರ್ಯನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ತಮ್ಮ ಮನೆಗೆ ಹೋದರು.

ನಾಲ್ಕರ ಹನಿ ಬಿಡಲು ಹೋದಾಗ ಕೋಣೆಯಲ್ಲಿ ಕತ್ತಲು. ಮೋಡ ಕವಿದಿರಬೇಕೆಂದು ದೀಪ ಹಾಕಿದೆ. ಅತ್ತೆ ತಲೆ ತಗ್ಗಿಸಿ ಕೂತಿದ್ದರು.

“ನಾಳಿ ತಾಂಡೂರಿಗಿ ಬ್ಯಾಡ. ಈ ಕಣ್ಣು ಕೆಟ್ಟದ. ಇನ್ನೊಂದು ಇದ್ದಂಗ ಇರ್ಲಿ.”

“ಯಾಕ್ರಿ ಅತ್ತಿ?”

“ಮಸೀದ್ಯಾಗ ಸಂಜಿ ಅಜಾನ್ ಆತು. ನನ್ನ ಕಣ್ಣಿಗಿ ಇನ್ನಾ ನಾಲ್ಕೇ ಕಾಣಾಕತ್ತದ. ನೀ ಕಟ್ಟಿದ ಗಡಿಯಾರ ಸುಳ್ಳ ಹೇಳ್ತದೇನು?”

ಬೆಳಗಿನಿಂದ ಆ ಮುದುಕಿ ತನ್ನ ಕಣ್ಣನ್ನು ಅನುಮಾನಿಸಿದ್ದರು, ಹೊಟ್ಟೆಯನ್ನು ಅನುಮಾನಿಸಿದ್ದರು. ನನ್ನನ್ನು ಮಾತ್ರ ಅನುಮಾನಿಸಿರಲಿಲ್ಲ.

“ಅತ್ತಿ, ನನಗೂ ನಾಲ್ಕೇ ಕಾಣ್ತದ.”

“ಹಂಗಾದ್ರ ನಿನ್ನ ಕಣ್ಣೂ ತೋರ್ಸು.”

ಅಷ್ಟರಲ್ಲಿ ನಮ್ಮವರು ಬಂದರು. ಡಬ್ಬಿಯನ್ನೊಮ್ಮೆ, ಫೋನನ್ನೊಮ್ಮೆ ನೋಡಿ, “ಹೊರಗ ಆರು ಆಗ್ಯಾದ. ಇದು ಯಾ ದೇಶದ ಟೈಮ್, ಟೀಚರಮ್ಮಾ?” ಎಂದರು.

ನಕ್ಷೆ ತೆಗೆದು ನೋಡಿದೆ. ಅಮೆರಿಕದ್ದು! ಈ ಗಡಿಯಾರ ಕರೆಂಟಿನ ಏರಿಳಿತ ಎಣಿಸಿ ಹೊತ್ತು ಹೇಳುವಂಥದ್ದು. ಅಲ್ಲಿ ಸೆಕೆಂಡಿಗೆ ಅರವತ್ತು ಏರಿಳಿತ, ನಮ್ಮಲ್ಲಿ ಐವತ್ತು. ಅದು ಅರವತ್ತು ಎಣಿಸುವವರೆಗೂ ಕಾದು ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ‘ನಮ್ಮ ದೇಶದಲ್ಲಿ ಐವತ್ತು’ ಎಂಬುದನ್ನು ಹತ್ತನೇ ತರಗತಿಗೆ ಪ್ರತಿವರ್ಷ ಪಾಠ ಮಾಡುವವಳು ನಾನೇ. ತಪ್ಪು ಬರೆದವರಿಗೆ ಸೊನ್ನೆ ಕೊಡುವವಳೂ ನಾನೇ.

ಕಣ್ಣು ಸರಿ ಇದೆ, ಕೆಟ್ಟದ್ದು ಸೊಸೆಯ ಲೆಕ್ಕ ಎಂದು ಅತ್ತೆಗೆ ಹೇಳಿದೆ. ನಂಬಲಿಲ್ಲ. ಮೂರು ಸಲ ಹೇಳಿಸಿಕೊಂಡರು. ಮೂರನೆಯ ಸಲಕ್ಕೆ ಮುಖದಲ್ಲಿ ನಗು ಕಂಡಿತು. ಕೊನೆಗೆ, “ನಾಳಿ ಬರ್ತೀನಿ. ಡಾಕ್ಟ್ರಿಗಿ ಇದಿಷ್ಟೂ ನೀನೇ ಹೇಳ್ಬೇಕು” ಎಂದರು.

ರಾತ್ರಿ ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಸರು. ಅತ್ತೆ ದಿನಕ್ಕಿಂತ ಒಂದು ರೊಟ್ಟಿ ಹೆಚ್ಚು ತಿಂದು, ಎಂಟರ ಹನಿ ಹಾಕಿಸಿಕೊಂಡು ಎಲ್ಲರಿಗಿಂತ ಮೊದಲು ಮಲಗಿದರು. ಆಮೇಲೆ ನಮ್ಮವರು, ನನ್ನ ಫೋನನ್ನು ದಿಂಬಿನಡಿ ಇಟ್ಟುಕೊಂಡು. ಗೋಡೆ ಗಡಿಯಾರ ಇನ್ನೂ ಅಟ್ಟದಲ್ಲೇ ಇತ್ತು. ಪಾತ್ರೆ ತೊಳೆದು ಮುಗಿಸಿ ಅಡುಗೆಮನೆಯಿಂದಲೇ “ಎಷ್ಟಾತು?” ಎಂದು ಕೇಳಿದೆ.

ಹೇಳುವವರು ಯಾರೂ ಎಚ್ಚರವಿರಲಿಲ್ಲ.