ಒಳಕೋಣೆಯ ಸ್ಪೀಕರ್ ಪೆಟ್ಟಿಗೆಯವರಲ್ಲಿ ಒಂದು ಅಹವಾಲು

ತೀರ್ಥಹಳ್ಳಿ, ೨೦ ಜುಲೈ ೧೯೭೯

ನಮ್ಮ ಒಳಕೋಣೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಯ ಮೇಲೆ ಬಿಜಯಂಗೈದಿರುವ ಶ್ರೀಮದ್ ಸ್ಪೀಕರ್ ಪೆಟ್ಟಿಗೆಯವರ ಸನ್ನಿಧಿಗೆ, ರೇಷನ್ ಕಾರ್ಡಿನಲ್ಲಿ ಮಾತ್ರ ಈ ಮನೆಯ ಯಜಮಾನನಾಗಿರುವ ಹೂವಯ್ಯನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ಮೊನ್ನೆ ತಮ್ಮ ಮೇಲಿನ ಧೂಳು ಒರೆಸಿದವನು ನಾನೇ. ನನ್ನ ದೂರನ್ನು ವಿತ್ ಡ್ಯೂ ರೆಸ್ಪೆಕ್ಟ್, ಅಂದರೆ ಎರಡು ವರ್ಷ ಕಾಲೇಜಿಗೆ ಹೋಗಿ ಉಳಿಸಿಕೊಂಡಷ್ಟು ಇಂಗ್ಲಿಷಿನ ಸಮೇತ, ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮಲ್ಲಿ ರೇಡಿಯೋ ಒಂದೇ, ಕೇಳುವವರು ಮೂವರು. ನನ್ನ ಹೆಂಡತಿ ಇರುವಾಗ ಅದು ಎಲ್ಲಿ ಕೂರಬೇಕೆಂಬುದನ್ನು ಅವಳೇ ತೀರ್ಮಾನಿಸುತ್ತಿದ್ದಳು. ಅವಳು ಹೋದ ಮೇಲೆ ನನಗೆ ಜಗಲಿಯಲ್ಲಿ ವಾರ್ತೆ, ಅಕ್ಕ ತುಂಗಮ್ಮನಿಗೆ ಅಡಿಗೆಮನೆಯಲ್ಲಿ ದೇವರನಾಮ, ಮಗಳು ವನಮಾಲಾಗೆ ಒಳಕೋಣೆಯಲ್ಲಿ ಚಿತ್ರಗೀತೆ ಬೇಕಾಗಿ, ಆ ಬಡಪಾಯಿಗೆ ದಿನಕ್ಕೆ ಹತ್ತು ಸಲ ವರ್ಗವಾಗುತ್ತಿತ್ತು. ಮೂರೂ ಕಡೆ ಕೇಳಿಸಿಬಿಟ್ಟರೆ ಜಗಳವೇ ಇರದೆಂದು ಯೋಚಿಸಿದೆ. ಮೂರೂ ಕಡೆ ಒಂದೇ ಹಾಡು ಬರುತ್ತದೆಂಬುದು ಆಗ ಹೊಳೆಯಲಿಲ್ಲ. ಅದಲ್ಲದೆ ಹೊಸನಗರದ ಕಡೆಯವರು ಹೋದ ತಿಂಗಳು ವನಮಾಲಾಳನ್ನು ನೋಡಲು ಬರುವವರಿದ್ದರು, ಕೋಣೆಕೋಣೆಯಲ್ಲೂ ರೇಡಿಯೋ ಮಾತಾಡುವ ಮನೆಯೆಂದರೆ ಅದಕ್ಕೊಂದು ತೂಕವಲ್ಲವೇ? ಕಾಲೇಜಿನಲ್ಲಿ ಇದನ್ನು ವೈರ್‌ಲೆಸ್ ಎಂದು ಕಲಿಸಿದ್ದರು. ಆ ವೈರ್‌ಲೆಸ್ಸಿಗೆ ಮೈಕ್‌ಸೆಟ್ ಕನ್ನಪ್ಪ ಎರಡು ಸುರುಳಿ ವೈರು ಎಳೆದು, ತನ್ನ ಹಳೆಯ ಆಂಪ್ಲಿಫೈಯರನ್ನು ಜಗಲಿಯ ರೇಡಿಯೋ ಪಕ್ಕದಲ್ಲಿಟ್ಟು, ಅಡಿಗೆಮನೆಯಲ್ಲಿ ತಮ್ಮ ಸಹೋದರರನ್ನೂ ಒಳಕೋಣೆಯಲ್ಲಿ ತಮ್ಮನ್ನೂ ಪ್ರತಿಷ್ಠಾಪಿಸಿದ.

ರೇಡಿಯೋ ಹಚ್ಚಿದ ಕೂಡಲೇ ಅಡಿಗೆಮನೆಯವರು ಹಾಡಿದರು. ತಾವು ತುಟಿ ಬಿಚ್ಚಲಿಲ್ಲ. ಜನ್ಮವೆಲ್ಲ ಮದುವೆ ಮನೆಗಳಲ್ಲಿ ಮೈಕು ಸಿಕ್ಕಿಸಿ ಕೈ ಪಳಗಿದ್ದ ಕನ್ನಪ್ಪ ತಮ್ಮ ವೈರನ್ನೂ ಆಂಪ್ಲಿಫೈಯರಿನಲ್ಲಿ ಮೈಕಿಗೆಂದಿದ್ದ ತೂತಿಗೇ ಸಿಕ್ಕಿಸಿದ್ದನೆಂದೂ, ಹಾಗೆ ಮಾಡಿದರೆ ಸ್ಪೀಕರೇ ಮೈಕಾಗುತ್ತದೆಂದೂ ನಮಗೆ ಗೊತ್ತಾದದ್ದು ಆಮೇಲೆ. ನೆಂಟರ ಬಸ್ಸು ಬರುವ ಹೊತ್ತಾಗಿತ್ತು, ಹಾಗೇ ಬಿಟ್ಟೆವು.

ಹುಡುಗ ಗಣೇಶಮೂರ್ತಿ, ಅವನ ತಾಯಿ ಶೇಷಮ್ಮ, ಸೋದರಮಾವ ಮಂಜುನಾಥಪ್ಪ, ಮೂವರೂ ಬಂದರು. ವನಮಾಲಾಗೆ ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದೆ, ಅದನ್ನು ಮುಗಿಸಲು ಬಿಡುವ ಮನೆಯಾದರೆ ಮಾತ್ರ ಅವಳು ಒಪ್ಪುತ್ತಾಳೆ ಎಂದು ನಾನು ಹೇಳಿದೆ. ಅವರು ಪದ್ಧತಿಯಂತೆ, ನಾವು ನಾವೇ ಒಂದು ಮಾತಾಡಿಕೊಳ್ಳುತ್ತೇವೆಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಮರ್ಯಾದೆಗೆ ರೇಡಿಯೋ ಆರಿಸಿ, ಆಂಪ್ಲಿಫೈಯರನ್ನು ಮರೆತು, ಇನ್ನೊಂದು ಸುತ್ತು ಕಾಫಿಗೆ ಹೇಳಲು ಅಡಿಗೆಮನೆಗೆ ಹೋದೆ.

ತಾವು ಆ ಗಳಿಗೆಯಲ್ಲಿ ಬಾಯಿಬಿಟ್ಟಿರಿ. ಅಡಿಗೆಮನೆಯ ಪೆಟ್ಟಿಗೆಯಿಂದ, ಪ್ರದೇಶ ಸಮಾಚಾರದಷ್ಟು ಸ್ಪಷ್ಟವಾಗಿ, ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಅಪ್ಪನ ಇಂಗ್ಲಿಷನ್ನು ಊಟದವರೆಗೆ ತಡೆದುಕೊಳ್ಳುವುದು ಕಷ್ಟ ಎಂಬ ಶೇಷಮ್ಮನವರ ಅಭಿಪ್ರಾಯ ಪ್ರಸಾರವಾಯಿತು. ಅದನ್ನು ನುಂಗಿಕೊಂಡೆ. ಮುಂದಿನ ಮಾತು ಹುಡುಗನದೇ: "ಈಗ ಹೂಂ ಅಂದ್ಬಿಡಿ ಮಾವ. ತಾಳಿ ಬಿದ್ಮೇಲೆ ಯಾವ ಟ್ರೈನಿಂಗು?"

ಅಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು. ವನಮಾಲಾ ಮಾತ್ರ ಕಾಫಿ ಸೋಸುತ್ತಲೇ ಇದ್ದಳು.

ಹೊರಗೆ ಬಂದ ಮಂಜುನಾಥಪ್ಪನವರು ಹುಡುಗಿ ಎಷ್ಟು ಬೇಕಾದರೂ ಓದಲಿ, ನಮ್ಮದೇನೂ ಅಡ್ಡಿಯಿಲ್ಲ ಎಂದು ಜೇನು ಸುರಿಸಿದರು. ವನಮಾಲಾ ಲೋಟವನ್ನು ಅವರ ಕೈಗೇ ಕೊಟ್ಟು, ತಗ್ಗಿಸಿದ ತಲೆ ಎತ್ತದೆ ಹೇಳಿದಳು: "ಒಳಗೆ ಹೋಗಿ ಇನ್ನೊಂದ್ಸಲ ಹೇಳಿ ಮಾವಯ್ಯ. ಅಲ್ಲಿಂದ ಚೆನ್ನಾಗಿ ಕೇಳ್ಸುತ್ತೆ."

ಅರ್ಥವಾಗದೆ ನಿಂತವರಿಗೆ ಅಕ್ಕ ವೈರು ಹೋದ ದಾರಿಯನ್ನೆಲ್ಲ ಸಾವಕಾಶವಾಗಿ ತೋರಿಸಿಕೊಟ್ಟಳು. ಅವರು ಊಟಕ್ಕೆ ನಿಲ್ಲಲಿಲ್ಲ.

ಹೀಗೆ ಕುದುರಿದ ಸಂಬಂಧವೊಂದನ್ನು ಒಂದೇ ಪ್ರಸಾರದಲ್ಲಿ ಮುರಿದ ತಮ್ಮ ಸಾಮರ್ಥ್ಯಕ್ಕೆ ಶಾಲು ಹೊದಿಸಬಹುದಿತ್ತು, ಆದರೆ ಹೊದಿಸಿದರೆ ಸದ್ದು ಮಂಕಾಗುತ್ತದೆಂದು ಕನ್ನಪ್ಪ ಬೇಡವೆಂದ. ಈಗ ಬಂದ ನೆಂಟರು ನಮ್ಮ ಮನೆಯಲ್ಲಿ ಹವಾಮಾನದ ಹೊರತು ಬೇರೇನೂ ಆಡುವುದಿಲ್ಲ. ಗುಟ್ಟಿದ್ದವರು ಎದ್ದು ತುಂಗಾ ಹೊಳೆಯ ಮೆಟ್ಟಿಲಿಗೆ ಹೋಗುತ್ತಾರೆ. ಆದಕಾರಣ ಹೆನ್ಸ್‌ಫೋರ್ತ್ ತಾವು ಯಾವುದೇ ವರನ ಕಡೆಯವರು ಇಲ್ಲಿಗೆ ಬರುವ ಮೊದಲೇ, ಸಾಗರವಾಗಲಿ ಹೊಸನಗರವಾಗಲಿ, ಅವರ ಮನೆಗೇ ಹೋಗಿ ಒಂದು ವಾರ ಗೋಡೆಯಲ್ಲಿ ನೇತಾಡಿ, ವರದಿಯನ್ನು ಮೂರು ಪ್ರತಿಯಲ್ಲಿ ಸಲ್ಲಿಸಬೇಕು. ನನ್ನ ಇಂಗ್ಲಿಷಿನ ಪ್ರಸ್ತಾಪ ಬಂದಲ್ಲಿ ಮಾತ್ರ ದಯಮಾಡಿ ಗರಗರ ಎನ್ನಬೇಕು.

ಗೋಡೆಯ ಈಚೆಗಿನ, ಇನ್ನು ಪಿಸುಮಾತನ್ನೂ ಆಡದ,
ತಮ್ಮ ವಿಶ್ವಾಸಿ
ಹೂವಯ್ಯ

ಮರೆತ ಮಾತು: ಅವತ್ತು ಬೆಳಿಗ್ಗೆ, ಕನ್ನಪ್ಪ ವೈರು ಸಿಕ್ಕಿಸಿದ ಮೇಲೆ ಇನ್ನೂ ರೇಡಿಯೋ ಹಚ್ಚುವ ಮುಂಚೆ, ವನಮಾಲಾ ಅಡಿಗೆಮನೆಯಲ್ಲಿರುವಾಗ, ನಾನು ಅಕ್ಕನನ್ನು ಒಳಕೋಣೆಗೆ ಕರೆದು, ಟ್ರೈನಿಂಗಿನ ಷರತ್ತನ್ನು ಬಾಯಿಮಾತಿಗೆ ಹೇಳಿಬಿಡೋಣ, ಮದುವೆಯಾದರೆ ಹುಡುಗಿ ತಾನೇ ಮರೆಯುತ್ತಾಳೆ ಎಂದಿದ್ದೆ. ಮೊನ್ನೆ ವನಮಾಲಾ ಶಿವಮೊಗ್ಗದ ಬಸ್ಸು ಹತ್ತಿ, ಟ್ರಂಕನ್ನು ಸೀಟಿನಡಿಗೆ ತಳ್ಳಿ, ಕಿಟಕಿಯಿಂದ ನಗುತ್ತ ಹೇಳಿದಳು: "ಅಪ್ಪಯ್ಯ, ಪೆಟ್ಟಿಗೆ ಬೆಳಿಗ್ಗೆಯಿಂದ್ಲೂ ಚಾಲೂ ಇತ್ತು." ಇದನ್ನು ತಾವು ನನಗೊಂದು ಮಾತು ಮೊದಲೇ ತಿಳಿಸಿದ್ದರೆ, ಇಡೀ ತಿಂಗಳು ಅವಳ ಮುಂದೆ ಆ ಹೊಸನಗರದವರನ್ನು ಬೈಯುವ ಶ್ರಮವಾದರೂ ಉಳಿಯುತ್ತಿತ್ತು.